ಹಿತ್ತಲ ಬಂಡೆಯ ಬಿರುಕು ಬೆಳೆಯುತ್ತಿದೆಯೇ? ಅಳೆದು ನೋಡುವ ಬಗೆ

ರಾಮನಗರದ ಸುತ್ತ ಬಂಡೆಯ ಬುಡದಲ್ಲೇ ಮನೆ, ಕೊಟ್ಟಿಗೆ ಕಟ್ಟಿಕೊಂಡವರು ಬಹಳ ಮಂದಿ. ನಾನೂ ಅವರಲ್ಲೊಬ್ಬ. ಬಿರುಕು ಕಂಡಾಗ ಎಲ್ಲರೂ ಕೇಳುವುದು ಒಂದೇ: "ಇದು ಮೊದಲಿಂದ ಇತ್ತಾ, ಈಗ ಬಿಟ್ಟಿದ್ದಾ?" ಕಣ್ಣಂದಾಜು ಸಾಲದು. ಕನಿಷ್ಠ ಒಂದು ವರ್ಷ ಅಳೆಯಬೇಕು.

ಇಲ್ಲಿನ ಕ್ಲೋಸ್‌ಪೇಟ್ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಅದು ಸೀಳಲು ಸಿಡಿಮದ್ದೇ ಬೇಕೆಂದಿಲ್ಲ. ಬಂಡೆಯ ತೂಕ, ಬಿಸಿಲು, ಚಳಿ ಇವುಗಳಿಂದ ಹುಟ್ಟುವ ಎಳೆತವೆಲ್ಲ ಬಿರುಕಿನ ತುದಿಯಲ್ಲಿ ಬಂದು ಸೇರುತ್ತದೆ. ಅಲ್ಲಿಗೆ ನೀರು, ಗಾಳಿಯ ತೇವವೇ ಆಗಲಿ, ತಲುಪಿದರೆ ಖನಿಜದೊಳಗಿನ ಸಿಲಿಕಾನ್-ಆಕ್ಸಿಜನ್ ಬಂಧಗಳು ಒಂದೊಂದಾಗಿ ಕಳಚುತ್ತವೆ. ಒಮ್ಮೆಲೇ ಒಡೆಯುವಷ್ಟು ಬಲ ಇಲ್ಲದಿದ್ದರೂ ಬಿರುಕು ತೆವಳುತ್ತಾ ಹೋಗುತ್ತದೆ. ವೇಗವು ಎಳೆತದ 30ನೇ ಘಾತದಂತೆ ಏರುತ್ತದೆ ಎಂದಿಟ್ಟುಕೊಳ್ಳಿ, ಗ್ರಾನೈಟ್‌ಗೆ ಇದು ಉತ್ಪ್ರೇಕ್ಷೆಯಲ್ಲ. ಆಗ ಎಳೆತ ಶೇ. 10 ಹೆಚ್ಚಿದರೂ ವೇಗ ಸುಮಾರು 17 ಪಟ್ಟಾಗುತ್ತದೆ. ಹಾಗಾಗಿಯೇ ವರ್ಷಗಟ್ಟಲೆ ಸುಮ್ಮನಿದ್ದ ಬಿರುಕನ್ನೂ ನಾನು ನಂಬುವುದಿಲ್ಲ.

ಮೊದಲು ಬಿರುಕಿನ ಅಂಚು ನೋಡಿ. ಅಂಚಿನಿಂದ ಅಂಚಿಗೆ ಕಲ್ಲುಹೂವು ಹರಿಯದೆ ಹಬ್ಬಿದ್ದರೆ ಬಿರುಕು ಇತ್ತೀಚೆಗೆ ಬಾಯಿಬಿಟ್ಟಿಲ್ಲ. ಅಂಚು ಹರಿತವಾಗಿ, ಒಳಮೈ ತಿಳಿಬಣ್ಣಕ್ಕಿದ್ದು, ಬುಡದಲ್ಲಿ ಹೊಸ ಚಕ್ಕೆಗಳು ಬಿದ್ದಿದ್ದರೆ ಎಚ್ಚರ. ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಬಂಡೆ ಠಣ್ಣೆನ್ನುತ್ತದೆ, ಎದ್ದ ಪದರ ಟೊಳ್ಳು ಸದ್ದು ಕೊಡುತ್ತದೆ. ತಲೆಯ ಮೇಲೆ ಚಾಚಿಕೊಂಡ ಕಲ್ಲಿನ ಕೆಳಗೆ ಮಾತ್ರ ಈ ಕೆಲಸ ಬೇಡ.

ತುದಿ ಹುಡುಕುವುದೇ ಕಷ್ಟ. ಅದಕ್ಕೆ ನೀರನ್ನೇ ಬಳಸಿ. ಬೆಳಗಿನ ಹೊತ್ತು ಒಂದು ಚೊಂಬು ನೀರು ಎರಚಿ ಕಾಯಿರಿ. ಬಂಡೆಯ ಮೈ ಆರಿ ಬೆಳ್ಳಗಾದ ಮೇಲೂ ಬಿರುಕಿನ ಉದ್ದಕ್ಕೂ ಕಪ್ಪು ಗೆರೆಯೊಂದು ಉಳಿಯುತ್ತದೆ. ದಪ್ಪ ಗುಲಾಬಿ ಫೆಲ್ಡ್‌ಸ್ಪಾರ್ ಹರಳನ್ನು ಅದು ಎಲ್ಲಿ ಸೀಳಿದೆ, ಎಲ್ಲಿ ಪಕ್ಕದಿಂದ ಬಳಸಿ ಹೋಗಿದೆ ಎಂಬುದೂ ಕಾಣುತ್ತದೆ. ಗೆರೆ ಮುಗಿದಲ್ಲಿ ಪೇಂಟಿನಿಂದ ಚುಕ್ಕೆಯಿಟ್ಟು ತಾರೀಕು ಬರೆಯಿರಿ. ಸಂರಕ್ಷಿತ ಸ್ಮಾರಕ, ಗುಹಾಚಿತ್ರವಿರುವ ಬಂಡೆಗೆ ಪೇಂಟ್ ತಾಗಿಸಲೇಬೇಡಿ. ಅಲ್ಲಿ ಫೋಟೊ ಸಾಕು.

ಅಗಲ ಅಳೆಯಲು ಬಂಡೆಯನ್ನು ಉಜ್ಜಿ, ಒಣಗಿಸಿ, ಮೂರು ಸ್ಟೇನ್‌ಲೆಸ್ ಬೋಲ್ಟ್‌ಗಳನ್ನು ಅರಾಲ್ಡೈಟ್‌ನಿಂದ ಅಂಟಿಸಿ: ಬಿರುಕಿನ ಒಂದು ಬದಿಗೆ ಎರಡು, ಇನ್ನೊಂದು ಬದಿಗೆ ಒಂದು. ತ್ರಿಕೋನವಿದ್ದರೆ ಬಾಯಿಬಿಡುವುದರ ಜೊತೆಗೆ ಪಕ್ಕಕ್ಕೆ ಜಾರುವುದೂ ತಿಳಿಯುತ್ತದೆ. 0.01 ಮಿ.ಮೀ. ತೋರಿಸುವ ಡಿಜಿಟಲ್ ವರ್ನಿಯರ್‌ನಲ್ಲಿ ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ವರ್ನಿಯರ್ ನೆರಳಲ್ಲಿರಲಿ. 150 ಮಿ.ಮೀ. ಉಕ್ಕು 20 ಡಿಗ್ರಿ ಕಾದರೆ ತಾನೇ 0.036 ಮಿ.ಮೀ. ಹಿಗ್ಗುತ್ತದೆ.

ಅಳತೆ ಸೂರ್ಯ ಹುಟ್ಟುವ ಮುಂಚೆಯೇ ಆಗಬೇಕು. ಹಗಲಲ್ಲಿ ಬಂಡೆ ಉಸಿರಾಡುತ್ತಿರುತ್ತದೆ. ಕ್ಯಾಲಿಫೋರ್ನಿಯಾದ ಯೊಸೆಮಿಟಿಯಲ್ಲಿ 19 ಮೀಟರ್ ಎತ್ತರದ ಗ್ರಾನೈಟ್ ಪದರವೊಂದಕ್ಕೆ ಉಪಕರಣ ಕೂರಿಸಿ ನೋಡಿದಾಗ, ಅದು ಬಿಸಿಲಿಗೆ ಸುಮಾರು 1 ಸೆಂ.ಮೀ. ತನಕ ಹೊರಕ್ಕೆ ಬಾಗಿ ರಾತ್ರಿ ಮರಳುತ್ತಿತ್ತು. ಗೋಡೆಯ ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಅದಕ್ಕೆ ಅಡ್ಡಲಾಗಿ ಗಾಜಿನ ಪಟ್ಟಿ ಅಂಟಿಸುವ ಉಪಾಯ ಇಲ್ಲಿ ನಡೆಯದಿರುವುದೂ ಇದರಿಂದಲೇ. ದಿನದ ಹಿಗ್ಗು-ಕುಗ್ಗಿಗೇ ಗಾಜು ಒಡೆದೀತು. ಬಂಡೆಯ ಮೈಬಿಸಿ, ಹಿಂದಿನ ದಿನ ಮಳೆ ಬಂತೇ ಎಂಬುದನ್ನು ಪುಸ್ತಕದಲ್ಲಿ ಅಳತೆಯ ಪಕ್ಕದಲ್ಲೇ ಬರೆದಿಡಿ. ಒಂದೇ ಮೈಬಿಸಿ ಇದ್ದ ದಿನಗಳನ್ನಷ್ಟೇ ಹೋಲಿಸಿ. ಮರುವರ್ಷ ಅದೇ ಹೊತ್ತಿಗೆ ಹಿಂದಿರುಗದೆ ಉಳಿದುಕೊಂಡ ಅಂತರವೇ ನಿಜವಾದ ಬೆಳವಣಿಗೆ.

ಬಿರುಕಿಗೆ ಹರಿಯುವ ಮಳೆನೀರನ್ನು ಮೇಲಿನಿಂದಲೇ ಬೇರೆಡೆ ತಿರುಗಿಸಿ. ಅರಳಿ, ಆಲದ ಸಸಿ ಎರಡೆಲೆ ಇರುವಾಗಲೇ ಕಿತ್ತುಬಿಡಿ. ಬುಡದಲ್ಲಿ ತರಗು, ಕಸ ಸುಡಬೇಡಿ. ಕಲ್ಲು ಕೆಲಸದವರು ಹಾಸುಬಂಡೆಯ ಮೇಲೆ ಬೆಂಕಿ ಹಾಕಿಯೇ ಚಪ್ಪಡಿ ಎಬ್ಬಿಸುತ್ತಿದ್ದದ್ದು. ಬಾಯಿಗೆ ಸಿಮೆಂಟ್ ಮೆತ್ತಿದರೆ ಬಿರುಕು ಕಣ್ಣಿಗೆ ಮರೆಯಾಗುತ್ತದೆ, ಒಳಗಿನ ತುದಿಗೆ ಏನೂ ಆಗುವುದಿಲ್ಲ.

ಅಳತೆ ವಾರದಿಂದ ವಾರಕ್ಕೆ ಏರುತ್ತಲೇ ಇದ್ದರೆ, ಚಕ್ಕೆ ಉದುರುತ್ತಿದ್ದರೆ, ಒಳಗಿನಿಂದ ಚಟ್‌ಚಟ್ ಸದ್ದು ಕೇಳಿದರೆ ವರ್ಷ ತುಂಬಲೆಂದು ಕಾಯಬೇಡಿ. ಮನೆಯವರನ್ನೂ ದನಗಳನ್ನೂ ಅವತ್ತೇ ಆಚೆ ಸಾಗಿಸಿ, ಆ ಪುಸ್ತಕ ಹಿಡಿದು ತಹಶೀಲ್ದಾರರ ಕಚೇರಿಗೆ ಹೋಗಿ ಭೂವಿಜ್ಞಾನಿಯನ್ನು ಕಳಿಸಲು ಕೇಳಿ.