ರಿವರ್ಬ್ ಪೆಡಲ್ ಅನ್ನು ರೀಪರ್‌ಗೆ ಜೋಡಿಸಿದ ಬಗೆ

ಧ್ವನಿಮುದ್ರಿಸಿದ ಹಾಡಿಗೆ ಗಿಟಾರ್‌ನ ರಿವರ್ಬ್ ಪೆಡಲ್ (ದನಿಗೆ ಅನುರಣನ ಸೇರಿಸುವ ಸಾಧನ) ಬಳಸಲು ಅದನ್ನು ರೀಪರ್ ಎಂಬ ಧ್ವನಿಮುದ್ರಣ ತಂತ್ರಾಂಶಕ್ಕೆ ಜೋಡಿಸಿದಾಗ, ಮರಳಿ ಬಂದ ದನಿ ಒಡೆದಂತೆಯೂ ಟೊಳ್ಳಾಗಿಯೂ ಕೇಳುತ್ತಿತ್ತು. ಇವೆರಡರ ಕಾರಣಗಳು ಬೇರೆ ಬೇರೆ.

ಒಡಕು ಸಂಕೇತದ ಮಟ್ಟಕ್ಕೆ ಸಂಬಂಧಿಸಿದ್ದು. ಕಂಪ್ಯೂಟರ್ ಒಳಗೂ ಹೊರಗೂ ದನಿಯನ್ನು ಸಾಗಿಸುವ ಆಡಿಯೋ ಇಂಟರ್‌ಫೇಸ್‌ನ ಲೈನ್ ಔಟ್‌ಪುಟ್ ಸಾಮಾನ್ಯವಾಗಿ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್ ಮಟ್ಟದ್ದಾಗಿದ್ದು, ಪೆಡಲ್ ನಿರೀಕ್ಷಿಸುವುದು ಇದಕ್ಕಿಂತ ಬಹಳ ಕ್ಷೀಣವಾದ ಸಂಕೇತವನ್ನು. ನಡುವೆ, ಸಂಕೇತವನ್ನು ಪೆಡಲ್‌ಗೆ ತಕ್ಕ ಮಟ್ಟಕ್ಕೆ ಇಳಿಸುವ ರೀಆಂಪ್ ಪೆಟ್ಟಿಗೆಯೊಂದನ್ನು ಇಟ್ಟೊಡನೆ ಒಡಕು ನಿಂತಿತು.

ಟೊಳ್ಳುತನವೇ ನಿಜವಾದ ತಲೆನೋವು. ಪೆಡಲ್‌ನೊಳಗಿನಿಂದ ಮೂಲ ದನಿಯೂ ಹಾದು ಬರುತ್ತಿದ್ದು, ತಡವಾಗಿ ತಲುಪುವ ಆ ನಕಲು ಟ್ರ್ಯಾಕ್‌ನ ದನಿಯೊಡನೆ ಬೆರೆತು ಕೆಲವು ಕಂಪನಾಂಕಗಳನ್ನು ಅಳಿಸುತ್ತಿತ್ತು. 48,000 ಹರ್ಟ್ಸ್ ಸ್ಯಾಂಪಲ್ ದರದಲ್ಲಿ, ಅಂದರೆ ಸೆಕೆಂಡಿಗೆ 48,000 ಬಾರಿ ದನಿಯನ್ನು ಅಳೆಯುವಾಗ, 480 ಸ್ಯಾಂಪಲ್‌ಗಳ ವಿಳಂಬವೆಂದರೆ 10 ಮಿಲಿಸೆಕೆಂಡ್, ಕಿವಿಗೆ ಅದು ಅಲ್ಪವಲ್ಲ. ಹೊರಗಿನ ಸಾಧನವನ್ನು ಟ್ರ್ಯಾಕ್‌ಗೆ ಸೇರಿಸುವ ರೀಪರ್‌ನ ರೀಇನ್ಸರ್ಟ್ ಪ್ಲಗಿನ್‌ನಲ್ಲಿ 3ನೇ ಔಟ್‌ಪುಟ್ ಹಾಗೂ 3ನೇ ಇನ್‌ಪುಟ್ ಆಯ್ದು, ರಿವರ್ಬ್‌ನ ಬಾಲ (ಕೊನೆಗೆ ಉಳಿಯುವ ಅನುರಣನ) ಅಳತೆಯನ್ನು ಕೆಡಿಸದಂತೆ ಪೆಡಲನ್ನು ಬೈಪಾಸ್‌ನಲ್ಲಿಟ್ಟು (ದನಿ ಬದಲಾಗದೆ ಹಾದುಹೋಗುವಂತೆ ಮಾಡಿ) ಪರೀಕ್ಷಾ ಸಂಕೇತ ಕಳುಹಿಸುವ ಪಿಂಗ್ ಗುಂಡಿ ಒತ್ತಿದೆ; ಹೋಗಿಬರುವ ವಿಳಂಬವನ್ನು ಪ್ಲಗಿನ್ ತಾನೇ ಅಳೆದುಕೊಟ್ಟಿತು. ಬಳಿಕ ಪೆಡಲ್‌ನ ಮಿಕ್ಸ್ ಗುಂಡಿಯನ್ನು ಪೂರ್ತಿ ತಿರುಗಿಸಿ ಮೂಲ ದನಿಯನ್ನು ತಡೆದೆ. ಬಫರ್ ಗಾತ್ರ (ಕಂಪ್ಯೂಟರ್ ಒಮ್ಮೆಗೆ ಸಂಸ್ಕರಿಸುವ ಸ್ಯಾಂಪಲ್‌ಗಳ ಸಂಖ್ಯೆ) ಬದಲಿಸಿದಾಗಲೆಲ್ಲ ಪಿಂಗ್ ಮತ್ತೆ ಒತ್ತುವುದು ಕ್ಷೇಮ.

ಯಂತ್ರಾಂಶ ನೈಜ ಸಮಯದಲ್ಲಷ್ಟೇ ಕೆಲಸ ಮಾಡುವುದರಿಂದ, ಹಾಡನ್ನು ಕಡತವಾಗಿ ಹೊರತೆಗೆಯುವ ಅಂತಿಮ ರೆಂಡರ್‌ಗೆ, ಹಾಡು ನುಡಿಯುವ ವೇಗದಲ್ಲೇ ಸಾಗುವ ಆನ್‌ಲೈನ್ ರೆಂಡರ್ ಆಯ್ಕೆಯನ್ನೇ ಬಳಸಿದೆ.