ಹೊಳೆಬದಿಯ ಗೋದಾಮು ಅಂಗಡಿ, ಹೋಟೆಲ್, ಕಚೇರಿಯಾದ ಬಗೆ

ಮಂಗಳೂರಿನ ಹಳೆ ಬಂದರಿನಲ್ಲಿ ಹೊಳೆಗೆ ಬೆನ್ನು ಹಾಕಿದ ಹಂಚಿನ ಗೋದಾಮು. ಮುಂದೆ ಅಂಗಡಿ, ಹಿಂದೆ ಹೋಟೆಲ್, ಅಟ್ಟದಲ್ಲಿ ಕಚೇರಿ ಎಂದು ತೀರ್ಮಾನವಾಗಿತ್ತು. ನಕ್ಷೆಗೆ ಮೊದಲು ಕಾಗದಪತ್ರ ನೋಡಿದೆವು. ಈ ಕಡೆ ಎಷ್ಟೋ ಹಳೆ ಆಸ್ತಿಗಳು ಮೂಲಗೇಣಿಯವು, ಅಂದರೆ ಶಾಶ್ವತ ಗೇಣಿಗೆ ಕೊಟ್ಟವು. 2011ರ ಕಾಯ್ದೆಯಲ್ಲಿ ಮೂಲಗೇಣಿದಾರರಿಗೆ ಒಡೆತನದ ದಾರಿ ಇದೆ, ಅದನ್ನು ಮುಗಿಸಿಕೊಂಡೇ ಮುಂದೆ ಹೋಗುವುದು ಕ್ಷೇಮ. ಆಮೇಲೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 2019ರ ಅಧಿಸೂಚನೆಯಂತೆ ಉಬ್ಬರ ಏರುವ ಹೊಳೆಗೆ ಉಬ್ಬರರೇಖೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಯಾವುದು ಕಡಿಮೆಯೋ ಅಷ್ಟು ಜಾಗ ಈ ವಲಯಕ್ಕೆ ಸೇರುತ್ತದೆ. ನಗರದ ಸಿಆರ್‌ಝಡ್-2ರಲ್ಲಿ ಅಧಿಕೃತ ಕಟ್ಟಡವನ್ನು ಮರುಕಟ್ಟಲು ಬಳಕೆ ಬದಲಾಗಬಾರದು. ಹಾಗಾಗಿ ವಾಣಿಜ್ಯ ಬಳಕೆ ತೋರಿಸುವ ಹಳೆ ತೆರಿಗೆ ರಸೀದಿಗಳನ್ನೆಲ್ಲ ಒಟ್ಟು ಮಾಡಿದೆವು. ಗೋಡೆ ಕೆಡವುವ ಯೋಚನೆಯನ್ನೇ ಬಿಟ್ಟೆವು.

ಗೋಡೆ ಮುರಕಲ್ಲಿನದು (ಜಂಬಿಟ್ಟಿಗೆ). ಯಾವಾಗಲೋ ಯಾರೋ ಅದಕ್ಕೆ ಸಿಮೆಂಟ್ ಗಾರೆ ಬಳಿದಿದ್ದರು, ಕೆಟ್ಟದ್ದೆಲ್ಲ ಅಲ್ಲಿಂದಲೇ. ನೆಲದ ಉಪ್ಪುನೀರು ಕಲ್ಲಿನೊಳಗೆ ಏರುತ್ತದೆ. ಹೊರಗೆ ಆರಲು ಸಿಮೆಂಟ್ ಬಿಡದಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತದೆ, ಉಪ್ಪು ಗಾರೆಯ ಹಿಂದೆ ಹರಳುಗಟ್ಟಿ ಹಪ್ಪಳದಂತೆ ಎಬ್ಬಿಸುತ್ತದೆ. ಆಳೆತ್ತರದವರೆಗೆ ಸಿಮೆಂಟ್ ಕೆತ್ತಿ, ಸಂದುಗಳನ್ನು 20 ಮಿ.ಮೀ. ಕೆದಕಿ, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲೇ ಬಿಟ್ಟೆವು. ಮೇಲೆ ಬಂದ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದಲೇ ಉಜ್ಜಬೇಕು. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಕಲ್ಲಿನೊಳಗೇ ಇಳಿಯುತ್ತದೆ. ಅನಂತರ ಒಂದು ಪಾಲು ಸುಣ್ಣ, ಮೂರು ಪಾಲು ಮರಳಿನ ಗಾರೆ, ಎರಡು ಕೈ. ಅಳಿವೆ ಕಡೆಯ ಉಪ್ಪು ಮರಳು ಬೇಡವೇ ಬೇಡ. ಮೇಲೆ ಸುಣ್ಣ ಮಾತ್ರ, ಎಮಲ್ಶನ್ ಬಣ್ಣ ಇಲ್ಲ. ಇದನ್ನು ಬಾಡಿಗೆ ಕರಾರಿನಲ್ಲೂ ಬರೆಸಿದೆವು.

ಹಂಚು ಇಳಿಸುವಾಗ ಹಿಂಬದಿಯ ಮುದ್ರೆ ನೋಡಿ ಕಾರ್ಖಾನೆವಾರು ರಾಶಿ ಮಾಡಿಸಿ. ಒಂದು ಕಾರ್ಖಾನೆಯ ಹಂಚಿನ ತೋಡು ಇನ್ನೊಂದರ ಉಬ್ಬುಗೆರೆಗೆ ಸರಿಯಾಗಿ ಕೂರುವುದಿಲ್ಲ, ಗಾಳಿಮಳೆಗೆ ಅಲ್ಲೇ ಸೋರುತ್ತದೆ. ಮಾಡಿನ ಒಂದು ಇಳಿಜಾರಿಗೆ ಒಂದೇ ಮುದ್ರೆಯ ಹಂಚು ಹೊದಿಸಿದೆವು. ರೀಪಿನ ಅಂತರ ಸುಮಾರು 32 ಸೆಂ.ಮೀ. ಎನ್ನುತ್ತಾರೆ, ಹತ್ತು ಹಂಚು ನೆಲದಲ್ಲಿ ಜೋಡಿಸಿ ಅಳೆದೇ ರೀಪು ಹೊಡೆಸುವುದು ವಾಸಿ.

ಅಟ್ಟದ ಭಾರವನ್ನು ಗೋಡೆಗೆ ಕೊಡಲಿಲ್ಲ; ಒಳಗೆ ಬೇರೆಯೇ ಉಕ್ಕಿನ ಕಂಬ, ಬುಡಕ್ಕೆ ಎಂ-30 ದರ್ಜೆಯ ಕಾಂಕ್ರೀಟ್. ಬುಡದಲ್ಲಿ ಕಂಬಿಯ ಮೇಲೆ ಕನಿಷ್ಠ 50 ಮಿ.ಮೀ. ಕಾಂಕ್ರೀಟ್ ಕವರ್ ಬೇಕು. ಕಚೇರಿಗೆ ಚದರ ಮೀಟರಿಗೆ 2.5 ಕಿಲೋನ್ಯೂಟನ್ (ಸುಮಾರು 250 ಕೆ.ಜಿ.) ಭಾರ ಸಾಕೆನಿಸಿದರೂ ಅಂಗಡಿಯಷ್ಟೇ, 4ಕ್ಕೆ ಲೆಕ್ಕ ಹಾಕಿದೆವು, ಏಕೆಂದರೆ ಬಾಡಿಗೆದಾರರು ಫೈಲುಗಳ ಕಪಾಟು ತಂದಿಡುತ್ತಾರೆ. ಹೊರಗಿನ ಬೋಲ್ಟುಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕು. ಸಾಮಾನ್ಯ 304 ದರ್ಜೆಯದು ಇಲ್ಲಿ ಕಂದುಕಲೆ ಬಿಡುತ್ತದೆ.

ಹೋಟೆಲಿನ ಕೊಳಚೆ ಗ್ರೀಸ್ ಟ್ರ್ಯಾಪ್ (ಜಿಡ್ಡು ಹಿಡಿದಿಡುವ ತೊಟ್ಟಿ) ದಾಟಿ ಒಳಚರಂಡಿಗೆ. ಹೊಳೆಗೆ ಹೋಗುವುದು ಮಳೆನೀರು ಮಾತ್ರ. ಮೊದಲ ಜೂನಿನಲ್ಲಿ ಉಬ್ಬರವೂ ಮಳೆಯೂ ಒಟ್ಟಿಗೆ ಬಂದು, ಅದೇ ಪೈಪಿನಲ್ಲಿ ಹೊಳೆಯ ನೀರು ಅಂಗಳಕ್ಕೆ ನುಗ್ಗಿತು. ಪೈಪಿನ ಬಾಯಿಗೆ ಹೊರಕ್ಕಷ್ಟೇ ತೆರೆಯುವ ಫ್ಲ್ಯಾಪ್ ಹಾಕಿದೆವು. ಅದರ ಸಂದಿಗೆ ಒಂದು ತೆಂಗಿನ ಸಿಪ್ಪೆ ಸಿಕ್ಕಿಕೊಂಡರೂ ಫ್ಲ್ಯಾಪ್ ಮುಚ್ಚುವುದಿಲ್ಲ. ಅದಕ್ಕೆ ಒಳಗಿನ ಚೇಂಬರಿನಲ್ಲಿ ಜಾಲರಿ ಇಟ್ಟಿದ್ದೇವೆ. ಮಳೆಗಾಲದಲ್ಲಿ, ಉಬ್ಬರ ಜೋರಾಗುವ ಪ್ರತಿ ಅಮಾವಾಸ್ಯೆ, ಹುಣ್ಣಿಮೆಯ ಹಿಂದಿನ ದಿನ ಅದನ್ನೆತ್ತಿ ಕಸ ತೆಗೆಯುವ ಕೆಲಸ ಹೋಟೆಲಿನವರ ಪಾಲಿನದು.