ಗೋಡೆ ಗಟ್ಟಿಯಿದ್ದರೂ ಸದ್ದು ಯಾಕೆ ದಾಟಲ್ಲ? ಮಕ್ಕಳಿಗೆ ಶಬ್ದದ ಪಾಠ ಮಾಡಿಸುವ ಬಗೆ

‘ಶಬ್ದವು ಗಾಳಿಗಿಂತ ನೀರಿನಲ್ಲಿ, ನೀರಿಗಿಂತ ಕಬ್ಬಿಣದಲ್ಲಿ ವೇಗವಾಗಿ ಸಾಗುತ್ತದೆ’ ಎಂದು ಬೋರ್ಡಿನ ಮೇಲೆ ಬರೆದ ಕೂಡಲೇ ಚುರುಕಾದ ಒಂದು ಮಗು ಕೈ ಎತ್ತುತ್ತದೆ: “ಸಾರ್, ಹಂಗಾದ್ರೆ ಬಾಗಿಲು ಹಾಕಿದ್ರೆ ಸದ್ದು ಯಾಕೆ ಕಮ್ಮಿ ಆಗುತ್ತೆ? ಬಾಗಿಲೂ ಗಟ್ಟಿನೇ ಅಲ್ವಾ?” ಈ ಪ್ರಶ್ನೆಯನ್ನು ಬದಿಗೆ ಸರಿಸಿದರೆ ಪಾಠ ಬಾಯಿಪಾಠವಾಗಿಯೇ ಉಳಿಯುತ್ತದೆ. ಹಾಗಾಗಿ ಪಾಠವನ್ನು ಈ ಪ್ರಶ್ನೆಯಿಂದಲೇ ಶುರು ಮಾಡಿ.

ಮಗುವಿನ ತಲೆಯಲ್ಲಿ ಎರಡು ಸಂಗತಿಗಳು ಬೆರೆತಿರುತ್ತವೆ. ವಸ್ತುವಿನ ಒಳಗೆ ಸೇರಿಕೊಂಡ ಸದ್ದು ಅಲ್ಲಿ ಹೇಗೆ ಓಡುತ್ತದೆ ಎಂಬುದು ಒಂದು. ಒಂದು ವಸ್ತುವಿನಿಂದ ಇನ್ನೊಂದಕ್ಕೆ ಹೊಸ್ತಿಲು ದಾಟುವಾಗ ಎಷ್ಟು ಪಾಲು ಒಳಗೆ ಹೋಗುತ್ತದೆ, ಎಷ್ಟು ಹಿಂದಕ್ಕೆ ಬರುತ್ತದೆ ಎಂಬುದು ಇನ್ನೊಂದು. ಗಾಳಿಯಿಂದ ನೀರಿಗೆ ನೇರವಾಗಿ ಬಿದ್ದ ಸದ್ದಿನ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಷ್ಟೇ ಒಳಗೆ ಇಳಿಯುತ್ತದೆ, ಉಳಿದದ್ದು ವಾಪಸ್. ಗೋಡೆಯ ಕಥೆಯೂ ಹೀಗೆಯೇ. ಕೆಳಗಿನ ಪ್ರಯೋಗಗಳನ್ನು ಈ ಎರಡನ್ನೂ ಬೇರೆ ಬೇರೆಯಾಗಿ ತೋರಿಸಲೆಂದೇ ಜೋಡಿಸಿದೆ. ಐದರಿಂದ ಎಂಟನೇ ತರಗತಿಯವರಿಗೆ ಸರಿಹೋಗುತ್ತವೆ. ಕೋಣೆಯೊಳಗೆ ನಲವತ್ತು ನಿಮಿಷದ ಎರಡು ಪೀರಿಯಡ್, ಮೈದಾನದಲ್ಲಿ ಒಂದು ಪೀರಿಯಡ್ ಬೇಕು. ನಾಲ್ವರಿಗೊಂದು ಗುಂಪು ಮಾಡಿ.

ಬೇಕಾದದ್ದು ಹೆಚ್ಚೇನಿಲ್ಲ: ಟಿಕ್ ಟಿಕ್ ಎನ್ನುವ ಟೈಂಪೀಸು (ಮುಳ್ಳು ಸದ್ದಿಲ್ಲದೆ ತಿರುಗುವ ಹೊಸ ಗಡಿಯಾರ ಬೇಡ), ಸ್ಟೀಲ್ ಚಮಚ, ಪೊಟ್ಟಣ ಕಟ್ಟುವ ಹತ್ತಿ ದಾರ, ಉಲ್ಲನ್, ನೈಲಾನ್ ದಾರ, ಲಂಗಕ್ಕೆ ಹಾಕುವ ಎಲಾಸ್ಟಿಕ್, ಪೇಪರ್ ಲೋಟ, ಬಲೂನು, ಬಕೆಟ್, ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿ, ಎರಡು ಮೊಬೈಲು. ಜೊತೆಗೆ ನಮ್ಮೂರ ಸರಕು: ದಾವಣಗೆರೆಯಲ್ಲಿ ಗಾದಿ ಅಂಗಡಿಯಿಂದ ಒಂದಿಷ್ಟು ಹತ್ತಿ, ಎರಡು ಸೇರು ಮಂಡಕ್ಕಿ, ಚಿತ್ರದುರ್ಗದ ಕಡೆಯವರಿಗೆ ಚಳ್ಳಕೆರೆ ಕಂಬಳಿಯ ಹಳೇ ತುಂಡು ಸಿಕ್ಕೇ ಸಿಗುತ್ತದೆ.

ಮೊದಲು ಬೆಂಚು

ಒಂದೇ ಹಲಗೆಯ ಉದ್ದನೆಯ ಬೆಂಚು ಆರಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒಂದು ತುದಿಯಲ್ಲಿ ಒಬ್ಬರು ಉಗುರಿನಿಂದ ಮೆಲ್ಲಗೆ ಕೆರೆಯಲಿ. ಇನ್ನೊಂದು ತುದಿಯವರು ಮೊದಲು ನೆಟ್ಟಗೆ ಕೂತು ಕೇಳಲಿ, ಆಮೇಲೆ ಹಲಗೆಗೆ ಕಿವಿಯಿಟ್ಟು ಕೇಳಲಿ. ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚುವುದು ಕಡ್ಡಾಯ. ಇದನ್ನು ಮರೆತರೆ ಗಾಳಿಯಲ್ಲಿ ಬಂದ ಸದ್ದು ಸೇರಿಕೊಂಡು ಹೋಲಿಕೆ ಕೆಡುತ್ತದೆ. ಬರಿಗಿವಿಗೆ ಕೇಳದ ಕೆರೆತ ಹಲಗೆಯಲ್ಲಿ ಗರಗರ ಎನ್ನುತ್ತದೆ.

ಈಗ ಎರಡು ಬೆಂಚುಗಳನ್ನು ತುದಿಗೆ ತುದಿ ತಾಗಿಸಿ ಅದನ್ನೇ ಮಾಡಿಸಿ. ಬಳಿಕ ನಡುವೆ ಒಂದು ಬೆರಳಿನಷ್ಟು ಸಂದು ಬಿಡಿ. ಸದ್ದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಒಂದು ಬೆರಳಗಲದ ಗಾಳಿ ಎಂದರೆ ಎರಡು ಹೊಸ್ತಿಲು: ಮರದಿಂದ ಗಾಳಿಗೆ, ಗಾಳಿಯಿಂದ ಮತ್ತೆ ಮರಕ್ಕೆ. ಅಳಿದುಳಿದ ಸಣ್ಣ ಸದ್ದು ನೆಲದ ಮೂಲಕ ಬಂದದ್ದು. ಬೆಂಚಿನ ಕಾಲುಗಳ ಕೆಳಗೆ ಬಟ್ಟೆ ಮಡಚಿಟ್ಟರೆ ಅದೂ ಕುಗ್ಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಈ ಪ್ರಯೋಗದಿಂದ ‘ಮರದಲ್ಲಿ ಶಬ್ದ ವೇಗವಾಗಿ ಹೋಗುತ್ತದೆ’ ಎಂದು ಬರೆಸುವುದು ರೂಢಿ. ಅದು ತಪ್ಪು. ಮಗು ಕೇಳಿದ್ದು ಸದ್ದಿನ ಜೋರು, ವೇಗವನ್ನಲ್ಲ. ಗಾಳಿಯಲ್ಲಿ ಸದ್ದು ನಾಲ್ಕೂ ಕಡೆ ಹರಡಿ ತೆಳುವಾಗುತ್ತದೆ. ಹಲಗೆಯಲ್ಲಿ ಅದಕ್ಕೆ ಹಲಗೆಯ ಉದ್ದಗಲವೇ ದಾರಿ. ವೇಗ ತೋರಿಸಲು ಬೇರೆ ಪ್ರಯೋಗ ಬೇಕು, ಮುಂದೆ ಬರುತ್ತದೆ.

ಚಮಚದ ಗಂಟೆ, ಲೋಟದ ಫೋನು

ಒಂದೂಕಾಲು ಮೀಟರ್ ದಾರದ ನಡುವೆ ಚಮಚ ಕಟ್ಟಿ. ಎರಡೂ ತುದಿಗಳನ್ನು ತೋರುಬೆರಳುಗಳಿಗೆ ಎರಡು ಸುತ್ತು ಸುತ್ತಿ, ಬೆರಳುಗಳನ್ನು ಕಿವಿಯ ಬಾಯಿಗೆ ಒತ್ತಿ, ಮುಂದಕ್ಕೆ ಬಾಗಿ, ನೇತಾಡುವ ಚಮಚವನ್ನು ಬೆಂಚಿಗೆ ತಾಗಿಸಬೇಕು. ಹೊರಗಿನವರಿಗೆ ‘ಟಿಣ್’ ಎಂದಷ್ಟೇ ಕೇಳುವುದು ಆ ಮಗುವಿಗೆ ದೊಡ್ಡ ಗುಡಿಯ ಗಂಟೆಯಂತೆ ಗುಂಯ್‌ಗುಡುತ್ತದೆ. ಹಾಗೆ ಕೇಳದಿದ್ದರೆ ದಾರ ಅಂಗಿಗೆ ತಾಗಿರುತ್ತದೆ, ಇಲ್ಲವೇ ಚಮಚ ಹೊಟ್ಟೆಗೆ ಒರಗಿರುತ್ತದೆ. ದಾರದ ಬದಲು ಉಲ್ಲನ್, ಆಮೇಲೆ ಎಲಾಸ್ಟಿಕ್ ಹಾಕಿ ನೋಡಿ. ಗಂಟೆಯ ಗುಂಗು ಮಂಕಾಗುತ್ತಾ ಬರುತ್ತದೆ.

ಲೋಟದ ಫೋನನ್ನು ಎಲ್ಲರೂ ಮಾಡಿಸುತ್ತಾರೆ, ಆದರೆ ಅರ್ಧ ಶಾಲೆಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ತೂತನ್ನು ಪಿನ್ನಿನಿಂದ ಮಾಡಿ, ದಾರ ಬಿಗಿಯಾಗಿ ತೂರುವಷ್ಟೇ ಇರಲಿ. ಒಳಗಡೆ ದಾರಕ್ಕೆ ಅರ್ಧ ಬೆಂಕಿಕಡ್ಡಿ ಕಟ್ಟಿದರೆ ಗಂಟು ಜಾರುವುದಿಲ್ಲ. ತಳ ಹರಿಯುವಂತಿದ್ದರೆ ಮೊದಲೇ ಒಂದು ತುಂಡು ಟೇಪು ಅಂಟಿಸಿ. ದಾರ ಎಂಟರಿಂದ ಹತ್ತು ಮೀಟರ್ ಸಾಕು. ಬೆರಳಿನಿಂದ ಮೀಟಿದರೆ ‘ಟಂವ್’ ಎನ್ನುವಷ್ಟು ಬಿಗಿ ಬೇಕು, ಜೋಲು ಬಿದ್ದರೆ ಏನೂ ಕೇಳದು. ಲೋಟವನ್ನು ಅಂಚಿನಲ್ಲಿ ಹಿಡಿಯಬೇಕು. ತಳಕ್ಕೆ ಬೆರಳು ತಾಗಿದರೆ ಕಂಪನ ಅಲ್ಲೇ ಸಾಯುತ್ತದೆ.

ಇನ್ನೊಂದು ತೊಂದರೆ, ಮಕ್ಕಳು ಕೂಗುತ್ತಾರೆ. ಕೂಗಿದ್ದು ಗಾಳಿಯಲ್ಲೇ ಕೇಳಿಸಿ ‘ಫೋನು ಕೆಲಸ ಮಾಡ್ತು’ ಎಂದು ಕುಣಿಯುತ್ತಾರೆ. ಅದಕ್ಕೆ ಹೀಗೆ ಮಾಡಿ: ಒಂದು ಚೀಟಿಯಲ್ಲಿ ಹತ್ತು ಅಂಕಿಗಳನ್ನು ಬರೆದು ಮಾತಾಡುವವರಿಗೆ ಕೊಡಿ, ಪಿಸುದನಿಯಲ್ಲಿ ಓದಲಿ. ಆ ತುದಿಯವರು ಬರೆದುಕೊಳ್ಳಲಿ. ದಾರದ ನಡುಮಧ್ಯದಲ್ಲಿ, ಆದರೆ ದಾರ ಮುಟ್ಟದೆ, ಮೂರನೆಯವರು ನಿಂತು ತಮಗೆ ಕೇಳಿದ್ದನ್ನು ಬರೆಯಲಿ. ಮೂರೂ ಚೀಟಿ ಹೋಲಿಸಿ. ದೂರದವರಿಗೆ ಎಂಟು ಅಂಕಿ ಸಿಕ್ಕಿ, ನಡುವಿನವರಿಗೆ ಎರಡೇ ಸಿಕ್ಕರೆ ಸದ್ದು ದಾರದಲ್ಲೇ ಹೋಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಕೊನೆಗೆ ಮೂರನೆಯವರು ದಾರವನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಲಿ. ಮಾತು ಕತ್ತರಿಸಿಹೋಗುತ್ತದೆ. ನೈಲಾನ್, ಉಲ್ಲನ್, ಎಲಾಸ್ಟಿಕ್ ಒಂದೊಂದಕ್ಕೂ ಇದೇ ಪರೀಕ್ಷೆ. ಎಲಾಸ್ಟಿಕ್ ಎಲ್ಲಕ್ಕಿಂತ ಹಿಂದೆ ಬೀಳುತ್ತದೆ.

ನೀರು

ಮಕ್ಕಳ ತಲೆಯನ್ನು ನೀರಿನಲ್ಲಿ ಮುಳುಗಿಸುವ ಯಾವ ಪ್ರಯೋಗವೂ ಬೇಡ, ಕೆರೆ ಕಾಲುವೆಯ ಹತ್ತಿರವಂತೂ ಬೇಡವೇ ಬೇಡ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮುಕ್ಕಾಲು ನೀರು ತುಂಬಿ, ಹೊರಮೈಗೆ ಒಬ್ಬರು ಕಿವಿಯಿಡಲಿ. ಇನ್ನೊಬ್ಬರು ಎರಡು ಕಲ್ಲುಗಳನ್ನು ನೀರೊಳಗೆ, ಬಕೆಟ್ಟಿಗೆ ತಾಗದಂತೆ, ಒಂದಕ್ಕೊಂದು ಕುಟ್ಟಲಿ. ನಂತರ ಅಷ್ಟೇ ಜೋರಾಗಿ ನೀರಿನಿಂದ ನಾಲ್ಕು ಬೆರಳು ಮೇಲೆ ಕುಟ್ಟಲಿ. ನೀರೊಳಗಿನ ಏಟು ಕಿವಿಗೇ ಕುಟ್ಟಿದಂತಿರುತ್ತದೆ, ಮೇಲಿನದು ಎಲ್ಲೋ ದೂರದಲ್ಲಿ.

ಬಲೂನಿನ ಪ್ರಯೋಗ ಇನ್ನೂ ಚೊಕ್ಕ. ಒಂದೇ ಗಾತ್ರದ ಎರಡು ಬಲೂನು, ಒಂದರಲ್ಲಿ ನೀರು, ಇನ್ನೊಂದರಲ್ಲಿ ಗಾಳಿ. ನೀರು ತುಂಬುವಾಗ ಗುಳ್ಳೆ ಉಳಿಯದಂತೆ ನೋಡಿ, ಬಕೆಟ್ಟಿನ ಮೇಲೇ ಹಿಡಿದಿರಿ. ಒಂದು ಬದಿಗೆ ಕಿವಿ, ಇನ್ನೊಂದು ಬದಿಗೆ ಟೈಂಪೀಸು ಒತ್ತಿ ಹಿಡಿದರೆ ನೀರಿನ ಬಲೂನಿನಲ್ಲಿ ಟಿಕ್ ಟಿಕ್ ಸ್ಪಷ್ಟ. ಇಲ್ಲಿಗೇ ನಿಲ್ಲಿಸಬೇಡಿ. ಟೈಂಪೀಸನ್ನು ಬಲೂನಿನಿಂದ ಒಂದು ಇಂಚು ದೂರ ಸರಿಸಿ. ಟಿಕ್ ಟಿಕ್ ಮಾಯ! ನೀರು ಅದೇ, ಗಡಿಯಾರ ಅದೇ, ನಡುವೆ ಸೇರಿದ್ದು ಒಂದಿಂಚು ಗಾಳಿ. ಬಾಗಿಲಿನ ಪ್ರಶ್ನೆ ಕೇಳಿದ ಮಗುವಿನ ಕೈಗೇ ಇದನ್ನು ಕೊಡಿ.

ಡಬ್ಬಿಯೊಳಗೆ ಮೊಬೈಲು

ಒಂದು ಮೊಬೈಲಿನಲ್ಲಿ ಒಂದೇ ಸಮನೆ ‘ಪೀ’ ಎನ್ನುವ ಸದ್ದು ಹಾಕಿ. ರಿಂಗ್‌ಟೋನು ಏರಿಳಿಯುವುದರಿಂದ ಅಳತೆಗೆ ಒಗ್ಗದು. ಇನ್ನೊಂದರಲ್ಲಿ ಸದ್ದು ಅಳೆಯುವ ಆ್ಯಪ್ ತೆರೆದು 30 ಸೆಂಟಿಮೀಟರ್ ದೂರದಲ್ಲಿಡಿ. ಆ್ಯಪ್ ತೋರಿಸುವ ಡೆಸಿಬಲ್ ಅಂಕಿಯನ್ನು ನಂಬಬೇಡಿ, ವ್ಯತ್ಯಾಸವನ್ನು ಮಾತ್ರ ಬಳಸಿ. ಹತ್ತು ಡೆಸಿಬಲ್ ಇಳಿದರೆ ಕಿವಿಗೆ ಸುಮಾರು ಅರ್ಧದಷ್ಟು ಕಡಿಮೆಯಾದಂತೆ ಕೇಳುತ್ತದೆ. ರಟ್ಟಿನ ಪೆಟ್ಟಿಗೆಯಲ್ಲಿ ಮೊಬೈಲಿನ ಸುತ್ತ ಐದು ಸೆಂಟಿಮೀಟರ್ ದಪ್ಪಕ್ಕೆ ಮಂಡಕ್ಕಿ, ಆಮೇಲೆ ಹತ್ತಿ, ಆಮೇಲೆ ಕಂಬಳಿ ತುಂಬಿ ಅಳೆಯಿರಿ. ಕೊನೆಗೆ ಸ್ಟೀಲ್ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿ ಅಳೆಯಿರಿ. ಪ್ರತಿಯೊಂದಕ್ಕೂ ಮೂರು ಸಲ.

‘ಮೆತ್ತಗಿನದು ಸದ್ದು ತಡೆಯುತ್ತೆ’ ಎಂದು ಪಂತ ಕಟ್ಟಿದವರಿಗೆ ಇಲ್ಲಿ ಅಚ್ಚರಿ ಕಾದಿದೆ. ಹತ್ತಿ, ಮಂಡಕ್ಕಿಗಳ ಸಂದುಗಳಲ್ಲಿ ಗಾಳಿ ಇದ್ದೇ ಇರುತ್ತದೆ. ಅದರ ದಾರಿಯಲ್ಲೇ ಸದ್ದಿನ ಒಂದು ಪಾಲು ಹೊರಬೀಳುತ್ತದೆ, ಉಳಿದದ್ದು ಎಳೆಗಳಿಗೆ ಉಜ್ಜಿ ಕಾವಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಸದ್ದನ್ನು ಒಳಕ್ಕೇ ಹಿಂದಿರುಗಿಸುತ್ತದೆ. ಮುಚ್ಚಳ ಒಂದು ಕೂದಲಿನಷ್ಟು ಓರೆಯಾದರೂ ಅಂಕಿ ಜಿಗಿಯುತ್ತದೆ, ಅದನ್ನೂ ತೋರಿಸಿ. ಈಗ ಅದೇ ಡಬ್ಬಿಯನ್ನು ಮೇಜಿನ ಮೇಲಿಟ್ಟು ಮೇಜಿಗೆ ಕಿವಿ ಕೊಡಲು ಹೇಳಿ. ಗಾಳಿಯಲ್ಲಿ ಅಡಗಿದ್ದ ‘ಪೀ’ ಮೇಜಿನಲ್ಲಿ ಕೇಳುತ್ತದೆ. ಡಬ್ಬಿಯ ಕೆಳಗೆ ಕಂಬಳಿ ಹಾಸಿ, ಮತ್ತೆ ಅಡಗುತ್ತದೆ.

ಗಾಳಿಯಲ್ಲಿ ಬರುವ ಸದ್ದಿಗೆ ಸಂದಿಲ್ಲದ ಭಾರವಾದ ಗೋಡೆ, ತಾಗಿಕೊಂಡು ಬರುವ ಸದ್ದಿಗೆ ನಡುವೆ ಮೆತ್ತನೆಯದೊಂದು. ಮಿಕ್ಸಿಯ ಕೆಳಗೆ ಗೋಣಿಚೀಲ ಮಡಚಿಟ್ಟರೆ ಕಟ್ಟೆಕಲ್ಲು ನಡುಗುವುದು ನಿಲ್ಲುತ್ತದೆ ಎಂಬುದನ್ನು ಮಕ್ಕಳು ಮನೆಯಲ್ಲೇ ನೋಡಿ ಬರಲಿ. ಮಡಕೆ ಕೊಳ್ಳುವಾಗ ಅಜ್ಜಿ ಬೆರಳಿನಿಂದ ತಟ್ಟಿ ನೋಡುತ್ತಾಳಲ್ಲ, ಅದೂ ಇದೇ ಪಾಠ. ಸೀಳಿಲ್ಲದ ಮಡಕೆ ‘ಠಣ್’ ಎನ್ನುತ್ತದೆ, ಸೀಳಿದ್ದರೆ ‘ಬೊದ್ದ್’. ಕಣ್ಣಿಗೆ ಕಾಣದ ಸೀಳಿನಲ್ಲಿ ಗಾಳಿಯ ಪದರವಿದೆ, ಕಂಪನ ಅಲ್ಲಿ ದಾಟಲಾರದು. ಚಿತ್ರದುರ್ಗದಲ್ಲಿ ಚಪ್ಪಡಿಗೆ ಕಲ್ಲು ಆರಿಸುವವರು ಸುತ್ತಿಗೆಯಲ್ಲಿ ತಟ್ಟಿ ನೋಡುವುದೂ ಇದಕ್ಕೇ.

ಹೈಸ್ಕೂಲಿನ ಲ್ಯಾಬಿನಲ್ಲಿ ಗಾಜಿನ ಗಂಟೆಜಾಡಿ ಮತ್ತು ಗಾಳಿ ತೆಗೆಯುವ ಪಂಪು ಇದ್ದರೆ ಒಂದು ದಿನ ಕೇಳಿ ಪಡೆಯಿರಿ. ಜಾಡಿಯಿಂದ ಗಾಳಿ ತೆಗೆದಂತೆ ಒಳಗಿನ ಸದ್ದು ಕುಗ್ಗುತ್ತಾ ಹೋಗುವುದನ್ನು ತೋರಿಸಬಹುದು. ವಿಜ್ಞಾನಿ ರಾಬರ್ಟ್ ಬಾಯ್ಲ್ 1660ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಒಳಗಿನ ಬಜರನ್ನು ತಳದ ಮೇಲೆ ನೇರವಾಗಿ ಇಡದೆ ಹತ್ತಿಯ ದಿಂಬಿನ ಮೇಲಿಡಿ, ಇಲ್ಲವಾದರೆ ಗಾಳಿ ತೆಗೆದರೂ ಸದ್ದು ತಳದ ಮೂಲಕ ಬರುತ್ತಲೇ ಇರುತ್ತದೆ.

ವೇಗ ಯಾಕೆ ಹೆಚ್ಚು?

‘ಕಣಗಳು ಒತ್ತೊತ್ತಾಗಿರುವುದರಿಂದ’ ಎಂಬ ಸಿದ್ಧ ಉತ್ತರ ಅರ್ಧ ಸತ್ಯ. ಒತ್ತೊತ್ತು, ಭಾರ ಇವೇ ಕಾರಣವಾಗಿದ್ದರೆ ನೀರಿಗಿಂತ 13.6 ಪಟ್ಟು ಸಾಂದ್ರವಾದ ಪಾದರಸದಲ್ಲಿ ಶಬ್ದ ನೀರಿಗಿಂತ ಬಹಳ ಮುಂದೆ ಓಡಬೇಕಿತ್ತು. ಓಡುವುದಿಲ್ಲ: ನೀರಿನಲ್ಲಿ ಸೆಕೆಂಡಿಗೆ ಸುಮಾರು 1480 ಮೀಟರ್, ಪಾದರಸದಲ್ಲಿ ಸುಮಾರು 1450. ಗಾಳಿಗಿಂತ ಹಗುರಾದ ಹೀಲಿಯಂನಲ್ಲಿ ಗಾಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ವೇಗ. ಅದುಮಿದರೆ ವಸ್ತು ಎಷ್ಟು ಬಿರುಸಾಗಿ ಹಿಂದಕ್ಕೆ ಒತ್ತುತ್ತದೆ ಎಂಬ ಬಿಗಿತವೇ ವೇಗ ಏರಿಸುವುದು. ಭಾರ ಅದನ್ನು ಇಳಿಸುತ್ತದೆ. ಉಕ್ಕಿನ ಬಿಗಿತ ಅದರ ಭಾರವನ್ನೂ ಮೀರಿಸಿದ್ದು, ಹಾಗಾಗಿ ಅಲ್ಲಿ ಸೆಕೆಂಡಿಗೆ 5000 ಮೀಟರ್ ದಾಟುತ್ತದೆ.

ಇದನ್ನು ಹತ್ತು ಮಕ್ಕಳ ಸಾಲಿನಲ್ಲಿ ತೋರಿಸಬಹುದು. ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈ ಚಾಚಿ ಸೆಟೆದು ನಿಲ್ಲಲಿ. ಹಿಂದಿನವರ ಬೆನ್ನನ್ನು ಮೆಲ್ಲಗೆ ತಳ್ಳಿ. ತಳ್ಳು ಕ್ಷಣದಲ್ಲಿ ಮುಂದಿನವರಿಗೆ ಮುಟ್ಟುತ್ತದೆ, ಮಕ್ಕಳು ನಿಂತಲ್ಲೇ ಇರುತ್ತಾರೆ. ಈಗ ಅದೇ ಜಾಗ, ಅದೇ ಅಂತರ, ಆದರೆ ಮೊಣಕೈ ಸಡಿಲ ಬಿಡಲಿ. ತಳ್ಳು ತಡವರಿಸುತ್ತಾ ನಡುವಲ್ಲೇ ಕರಗುತ್ತದೆ. ಅದು ಎಲಾಸ್ಟಿಕ್ ದಾರ. ಇದನ್ನು ಮಣ್ಣಿನ ನೆಲದಲ್ಲಿ ಮಾಡಿಸಿ, ಮೆಟ್ಟಿಲ ಹತ್ತಿರ ಬೇಡ.

ಮೈದಾನದಲ್ಲಿ

ವೇಗದ ಅಂತರವನ್ನು ಕಿವಿಯಲ್ಲೇ ಕೇಳಲು ಉದ್ದವಾದ, ಕಡಿಯದ ಕಬ್ಬಿಣ ಬೇಕು. ಫ್ರಾನ್ಸಿನ ವಿಜ್ಞಾನಿ ಬಯೋ 1808ರಲ್ಲಿ ಪ್ಯಾರಿಸ್ಸಿನಲ್ಲಿ 951 ಮೀಟರಿನ ನೀರಿನ ಕೊಳವೆ ಸಾಲಿಗೆ ಒಂದು ತುದಿಯಲ್ಲಿ ಏಟು ಹಾಕಿಸಿ, ಇನ್ನೊಂದು ತುದಿಯಲ್ಲಿ ಎರಡು ಸದ್ದು ಕೇಳಿದ: ಮೊದಲು ಕಬ್ಬಿಣದ್ದು, ಸುಮಾರು ಎರಡೂವರೆ ಸೆಕೆಂಡಿನ ಮೇಲೆ ಗಾಳಿಯದ್ದು. ಶಾಲೆಯ ಬೇಲಿಯ ಪೈಪು 50 ಮೀಟರ್ ಇದ್ದರೆ ಕಬ್ಬಿಣದಲ್ಲಿ ಸುಮಾರು 0.01 ಸೆಕೆಂಡು, ಗಾಳಿಯಲ್ಲಿ 0.14, ಅಂತರ ‘ಟ-ಟಕ್’ ಎಂದು ಬೇರೆಯಾಗಿ ಕೇಳುವಷ್ಟು. 20 ಮೀಟರಿನಲ್ಲಿ ಎರಡೂ ಕೂಡಿಕೊಂಡು ಒಂದೇ ಆಗುತ್ತವೆ. ಕಲ್ಲುಕಂಬಗಳ ನಡುವೆ ತುಂಡು ತುಂಡಾಗಿ ನಿಲ್ಲಿಸಿದ ಗ್ರಿಲ್ಲಿನಲ್ಲಿ ಇದು ಆಗುವುದಿಲ್ಲ, ಬೆಸುಗೆ ಹಾಕಿದ ಒಂದೇ ಸಾಲು ಬೇಕು. ಒಂದು ಕಿವಿ ಪೈಪಿಗೆ ತಾಗಲಿ, ಇನ್ನೊಂದು ತೆರೆದಿರಲಿ. ಈ ಪ್ರಯೋಗದಲ್ಲಿ ಮಾತ್ರ ಅದನ್ನು ಮುಚ್ಚಬಾರದು. ಏಟು ಮೆಲ್ಲಗಿರಲಿ, ಕಿವಿಗೆ ನೋವಾಗಬಾರದು. ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ ಮುಗಿಸಿ, ಆಮೇಲೆ ಕಬ್ಬಿಣ ಕಾಯುತ್ತದೆ.

ರೈಲು ಹಳಿಗೆ ಕಿವಿಯಿಟ್ಟು ಕೇಳುವ ಮಾತನ್ನು ಯಾವುದಾದರೂ ಮಗು ಎತ್ತಿಯೇ ಎತ್ತುತ್ತದೆ. ದಾವಣಗೆರೆಯಲ್ಲಿ ಹಳಿ ಊರ ನಡುವೆಯೇ ಹಾದುಹೋಗಿದೆ. ಹಳಿಯ ಹತ್ತಿರ ಹೋಗುವುದು ಪ್ರಾಣಕ್ಕೆ ಅಪಾಯ, ಕಾನೂನಿನ ಪ್ರಕಾರ ಅಪರಾಧ ಎಂದು ಅಲ್ಲೇ ಗಟ್ಟಿಯಾಗಿ ಹೇಳಿ, ಬೇಲಿಯ ಪೈಪಿಗೆ ಕರೆದುಕೊಂಡು ಬನ್ನಿ.

ಕೊನೆಗೆ ಗಾಳಿಯಲ್ಲಿ ಶಬ್ದದ ವೇಗವನ್ನು ಮಕ್ಕಳೇ ಅಳೆಯಲಿ. ಎತ್ತರದ ಸಮತಟ್ಟು ಗೋಡೆಯಿಂದ ಸರಿಯಾಗಿ 50 ಮೀಟರ್ ದೂರ ಟೇಪಿನಲ್ಲಿ ಅಳೆದು ನಿಲ್ಲಿ. ದುರ್ಗದ ಬಂಡೆಗಳ ನಡುವೆ ಪ್ರತಿಧ್ವನಿ ಕೇಳಲು ಚಂದ, ಆದರೆ ಅಂಕುಡೊಂಕು ಮೈಯಿಂದ ಸದ್ದು ಚದುರಿ ಬರುವುದರಿಂದ ಅಳತೆಗೆ ಶಾಲೆಯ ಗೋಡೆಯೇ ಲೇಸು. ಎರಡು ಮರದ ತುಂಡುಗಳನ್ನು ಕುಟ್ಟಿ. ಏಟು, ಪ್ರತಿಧ್ವನಿ, ಏಟು, ಪ್ರತಿಧ್ವನಿ ಇವೆಲ್ಲ ತಾಳ ಹಾಕಿದಂತೆ ಸಮ ಅಂತರದಲ್ಲಿ ಬರುವವರೆಗೆ ವೇಗ ಹೊಂದಿಸಿ. ಆಗ ಒಂದು ಏಟಿನಿಂದ ಮುಂದಿನ ಏಟಿಗೆ ಸದ್ದು 200 ಮೀಟರ್ ಹೋಗುವಷ್ಟು ಹೊತ್ತು ಹಿಡಿಯುತ್ತದೆ. ಸ್ಟಾಪ್‌ವಾಚ್ ಒತ್ತಿದ ಏಟನ್ನು ‘ಸೊನ್ನೆ’ ಎಂದು ಎಣಿಸಿ, ‘ಇಪ್ಪತ್ತು’ ಎಂದಾಗ ನಿಲ್ಲಿಸಿ. ‘ಒಂದು’ ಎಂದು ಶುರು ಮಾಡುವುದೇ ಎಲ್ಲರೂ ಮಾಡುವ ತಪ್ಪು, ಅದರಿಂದ ಉತ್ತರ ನೂರಕ್ಕೆ ಐದರಷ್ಟು ಹೆಚ್ಚು ಬರುತ್ತದೆ. 4000 ಮೀಟರನ್ನು ಬಂದ ಸೆಕೆಂಡಿನಿಂದ ಭಾಗಿಸಿ. 11.5 ಬಂದರೆ 348.

ಪುಸ್ತಕದಲ್ಲಿರುವ 343 ಎಂಬುದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದೊಂದು ಡಿಗ್ರಿಗೂ ಸುಮಾರು 0.6 ಮೀಟರ್ ಏರುತ್ತದೆ, 30 ಡಿಗ್ರಿಯಲ್ಲಿ 349. ದೂರದಲ್ಲಿ ಒಂದು ಮೀಟರ್ ತಪ್ಪಿದರೆ ಉತ್ತರ ಏಳು ಮೀಟರ್ ಆಚೀಚೆ ಹೋಗುತ್ತದೆ, ಗಡಿಯಾರದಲ್ಲಿ 0.3 ಸೆಕೆಂಡು ತಪ್ಪಿದರೆ ಒಂಬತ್ತು ಮೀಟರ್. ಹಾಗಾಗಿ ಐದು ಗುಂಪಿನ ಐದು ಉತ್ತರಗಳನ್ನೂ ಬೋರ್ಡಿನ ಮೇಲೆ ಬರೆದು ಸರಾಸರಿ ತೆಗೆಯಿರಿ. ತೀರಾ ದೂರ ಹೋದ ಗುಂಪು ಟೇಪನ್ನೂ ಎಣಿಕೆಯನ್ನೂ ಮತ್ತೊಮ್ಮೆ ನೋಡಿಕೊಳ್ಳಲಿ.